ಮಾಣಿಕಪ್ಪನ ಸುರಂಗ

ತನ್ನ ದನಿ ಅಪ್ಪನ ಕಿವಿಯವರೆಗೂ ಹೋಗುವುದಿಲ್ಲವಲ್ಲ ಎಂಬುದು ತುಳಜಾಬಾಯಿಯ ಒಳಗಿನ ಕೊರಗು. ವಾಡಿ ಹತ್ತಿರದ ಸುಣ್ಣಕಲ್ಲಿನ ಖಣಿಯಲ್ಲಿ ಬಂಡೆಗೆ ಮದ್ದು ತುಂಬಿ ಸುರಂಗ ಹಾರಿಸಿ ಹಾರಿಸಿ ಅಪ್ಪ ಮಾಣಿಕಪ್ಪನ ಕಿವಿ ಅರ್ಧ ಹೋಗಿತ್ತು. ಎಲ್ಲರೂ ಅವನ ಹತ್ತಿರ ಕೂಗಿಯೇ ಮಾತಾಡುತ್ತಿದ್ದರು. ಬಿ.ಎಸ್ಸಿ. ಮುಗಿಸಿದ ಮಗಳಿಗೆ ಮಾತ್ರ ಕೂಗಲು ನಾಚಿಕೆ. ಹೇಳಬೇಕಾದದ್ದನ್ನು ನುಂಗಿಕೊಂಡು ಬುತ್ತಿ ಇಟ್ಟು ಬರುತ್ತಿದ್ದಳು.

ಇವತ್ತು ಬುತ್ತಿಯ ಗಂಟು ಬಿಚ್ಚುವಷ್ಟರಲ್ಲಿ ನೆಲ ನಡುಗಿತು. ಖಣಿಯ ತಿರುವಿನಾಚೆ ಬತ್ತಿ ಹಚ್ಚಿ, ಕಿವಿಗೆ ಅರಳೆ ತುರುಕಿಕೊಂಡು ಮೇಲೆ ಬಂದು ಕೂತಿದ್ದ ಮಾಣಿಕಪ್ಪ ತೊಡೆ ತಟ್ಟಿದ. ಸುರಂಗ ಹಾರಬೇಕಾದ ಹೊತ್ತೂ ಸರಿಯಾಗಿ ಅದೇ.

“ನೋಡಿದೇನವ್ವಾ? ಕಿವಿ ಹೋದ್ರೇನಾತು, ನನ್ನ ಅಂಗಾಲಿಗೆ ಎಲ್ಲಾ ತಿಳೀತದ!”

ಕೂಲಿಗಳ ಮೇಲ್ವಿಚಾರಣೆಯ ಮುಕದ್ದಮ ಶೌಕತ ಅಲಿ ಎದೆ ಹಿಡಿದುಕೊಂಡು ಬಂದ. “ಏ ಮಾಣಿಕಪ್ಪಾ, ಖಣಿ ಒಡಿ ಅಂದ್ರ ವಾಡಿನೇ ಒಡೀಲಿಕತ್ತೀಯೇನೋ? ಸಪ್ಪಳ ಮಾತ್ರ ಬರಲೇ ಇಲ್ಲಲ್ಲ?” ಎಂದು ಕೂಗಿ ಕೇಳಿದ.

“ಸಪ್ಪಳ ಬರೋದು ಕಚ್ಚಾ ಕೆಲಸದಾಗ, ಸಾಬ. ಮದ್ದಿನ ತೂತಿನ ಬಾಯಿ ಗಟ್ಟಿ ಬಿಗದ್ರ ಜೋರೆಲ್ಲಾ ಕಲ್ಲಿನೊಳಗೇ ಹೋಗ್ತದ.” ಮಾಣಿಕಪ್ಪ ಮೀಸೆ ತಿರುವಿ ಸೀಟಿ ಊದಿದ. ಕಲ್ಲು ಒಡೆಯುವವರು ಸುತ್ತಿಗೆ ಹೆಗಲಿಗೇರಿಸಿ ಖಣಿಗೆ ಇಳಿಯತೊಡಗಿದರು.

ತುಳಜಾಬಾಯಿ ಬುತ್ತಿಯ ಪಕ್ಕ ಇಟ್ಟಿದ್ದ ನೀರಿನ ಕೊಡದತ್ತ ನೋಡಿದಳು. ನೀರು ಇನ್ನೂ ಹೊಯ್ದಾಡುತ್ತಿತ್ತು. ಮೊದಲು ಬಂದದ್ದು ಸಣ್ಣ ನಡುಕ. ತುಸು ತಡೆದು, ತೊಟ್ಟಿಲು ತೂಗಿದಂತೆ ಅಡ್ಡಡ್ಡ ತೂಗಿತ್ತು. ಬಂಡೆ ಒಡೆದಾಗ ವೇಗದ ಅಲೆ ಮೊದಲು ಬರುತ್ತದೆ, ನಿಧಾನದ್ದು ಹಿಂದೆ ಬೀಳುತ್ತದೆ. ಒಡೆದ ಜಾಗ ದೂರವಿದ್ದಷ್ಟೂ ಅವೆರಡರ ನಡುವೆ ಅಂತರ ಹೆಚ್ಚು. ಪಕ್ಕದ ತಿರುವಿನಲ್ಲೇ ಒಡೆದಿದ್ದರೆ ಎರಡೂ ಕೂಡಿಯೇ ಬರಬೇಕಿತ್ತು. ಇದು ಎಲ್ಲೋ ದೂರದಲ್ಲಿ, ನೆಲದ ಆಳದಲ್ಲಿ ಬಂಡೆ ಬಿರಿದು ಜಾರಿದ್ದು. ಗಾಳಿ ಖಣಿಯ ಕಡೆಯಿಂದಲೇ ಬೀಸುತ್ತಿದ್ದರೂ, ಅಪ್ಪನ ಅಂಗಿಯಲ್ಲಿ ಚಿಕ್ಕಂದಿನಿಂದ ಮೂಸಿದ ಆ ಮದ್ದಿನ ವಾಸನೆ ಇಲ್ಲ. ಹಾಗಾದರೆ ಮದ್ದು ಬಂಡೆಯೊಳಗೆ ಹಾಗೆಯೇ ಕೂತಿದೆ. ಇವರು ಅದರ ಮೇಲೆ ಸುತ್ತಿಗೆ ಹೊಡೆಯಲು ಹೊರಟಿದ್ದಾರೆ.

“ಯಪ್ಪಾ,” ಎಂದಳು. ಅವನಿಗೆ ಕೇಳಲಿಲ್ಲ.

“ಯಪ್ಪಾ! ಮಂದೀನ ಹಿಂದಕ್ಕ ಕರೀ!”

ತನ್ನ ದನಿಗೆ ಅವಳೇ ಬೆಚ್ಚಿದಳು. ಮಾಣಿಕಪ್ಪ ಅವಳ ಮುಖ ನೋಡಿದ, ಯಾಕೆಂದು ಕೇಳದೆ ಉದ್ದಕ್ಕೆ ಸೀಟಿ ಊದಿದ. ಇಳಿಯುತ್ತಿದ್ದವರು ಅರ್ಧದಾರಿಯಲ್ಲೇ ನಿಂತರು.

“ಹುಡುಗಿ ಚೀರಿದ್ಲಂತ ಕೆಲಸ ಬಂದ್ ಮಾಡ್ತೀಯೇನೋ?” ಶೌಕತ ಅಲಿ ಸಿಡುಕಿದ.

“ನನ್ನ ಮಗಳು ಹುಟ್ಟಿದಾಗಿಂದ ಚೀರಿದಾಕಿ ಅಲ್ಲ, ಸಾಬ. ಓದಿದಾಕಿ. ಅಕಿ ಬ್ಯಾಡ ಅಂದ್ರ ಯಾರೂ ಇಳೀಬ್ಯಾಡ್ರಿ.” ಮಾಣಿಕಪ್ಪ ಕಿವಿಯ ಅರಳೆ ಕಿತ್ತೆಸೆದ. “ಹೇಳವ್ವಾ, ಜೋರಲೇ ಹೇಳು. ಎಲ್ಲರಿಗೂ ಕೇಳ್ಲಿ.”

ಎಲ್ಲರ ಕಣ್ಣೂ ಅವಳ ಮೇಲೆ. ಅಪ್ಪನ ಮುಖದಲ್ಲಿ ಸುರಂಗದ ಹೆಮ್ಮೆಯೂ ಇತ್ತು, ಮಗಳ ಹೆಮ್ಮೆಯೂ ಇತ್ತು. ಅದರಲ್ಲೊಂದನ್ನು ಈಗ ಅವಳೇ ಒಡೆಯಬೇಕಿತ್ತು.

“ನಿನ್ನ ಸುರಂಗ ಹಾರಿಲ್ಲ, ಯಪ್ಪಾ. ನಡುಗಿದ್ದು ಭೂಮಿ.”