ಸದ್ದಿಲ್ಲದ ಪ್ಯಾಕೆಟ್

ಐದು ನಿಮಿಷ ಬಿಡುವಿದ್ದಾಗ ಓದಿ... ನಗಿಸುವ ಕಥೆಯಲ್ಲ ಇದು.

ಮೈಸೂರಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಫ್ಯಾಕ್ಟರಿ. ಅಲ್ಲಿ ತಯಾರಾಗುತ್ತಿದ್ದುದು ಕ್ಯಾಥೆಟರ್... ಅಂದರೆ ತಾವಾಗಿ ಮೂತ್ರ ಮಾಡಲಾಗದವರು ನಾಲ್ಕೈದು ಗಂಟೆಗೊಮ್ಮೆ ಹಾಕಿಕೊಂಡು ತೆಗೆಯುವ ಸಣ್ಣ ಟ್ಯೂಬ್.

ಅದನ್ನು ಡಿಸೈನ್ ಮಾಡಿದವನು ವಿರೂಪಾಕ್ಷ. ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಬರಬೇಕು, ಯಾರಿಗೂ ನೋಯಬಾರದು ಎಂದು ವರ್ಷಗಟ್ಟಲೆ ಒದ್ದಾಡಿದ್ದ.

ಊಟಕ್ಕೆ ಕುಳಿತರೂ ಅದೇ ಮಾತು. "ಹೆತ್ತವರಿಗೆ ಹೆಗ್ಗಣ ಮುದ್ದು" ಎಂದು ಹೆಂಡತಿ ಛೇಡಿಸುತ್ತಿದ್ದಳು.

ಆ ವರ್ಷ ಗ್ರಾಹಕರಿಂದ ಒಂದು ದೂರೂ ಬರಲಿಲ್ಲ... ಝೀರೋ ಕಂಪ್ಲೇಂಟ್. ಎಲ್ಲರೂ ಬೀಗಿದರು.

ದೂರು ಹೇಳಲು ಪ್ಯಾಕೆಟ್ ಮೇಲೆ ಒಂದು ಫೋನ್ ನಂಬರ್ ಇತ್ತು. ಫೋನ್ ಬರುತ್ತಿತ್ತು... "ಹಲೋ" ಅಂದ ಕೂಡಲೇ ಕಟ್ ಆಗುತ್ತಿತ್ತು. ಅಂಥ ಕರೆಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

"ಮತ್ತೆ ಮೌನವ್ರತದವರು ಫೋನ್ ಮಾಡಿದ್ರು ಸಾರ್" ಎಂದು ಫೋನ್ ಎತ್ತುವ ನಾಗೇಂದ್ರ ನಗುತ್ತಿದ್ದ. ವಿರೂಪಾಕ್ಷನೂ ನಗುತ್ತಿದ್ದ.

ಆಯುಧಪೂಜೆ ಬಂತು. ಮೆಷಿನ್ನುಗಳಿಗೆಲ್ಲ ಚೆಂಡುಹೂವಿನ ಹಾರ ಬಿತ್ತು. ಟ್ಯೂಬನ್ನು ಮಾತ್ರ ಪೂಜೆಗೆ ಇಡಲಿಲ್ಲ. "ಅದು ಎಲ್ಲಿಗೆ ಹಾಕೋ ಸಾಮಾನು... ದೇವರ ಮುಂದೆ ಬೇಡಪ್ಪ" ಎಂದರು ಮ್ಯಾನೇಜರ್.

ಪೂಜೆಯ ನಂತರ ಸಣ್ಣ ಸಭೆ. ಟ್ಯೂಬ್ ಬಳಸುವವರ ಬಾಯಲ್ಲಿ ನಾಲ್ಕು ಒಳ್ಳೆಯ ಮಾತು ಆಡಿಸೋಣ ಎಂದು ಫಿಲೋಮಿನಾ ಟೀಚರನ್ನು ಕರೆಸಿದ್ದರು.

ಅಪಘಾತವೊಂದರಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಅವರಿಗೆ ಸೊಂಟದ ಕೆಳಗೆ ಸ್ವಾಧೀನವಿರಲಿಲ್ಲ. ವೀಲ್‌ಚೇರಿನಲ್ಲೇ ಕುಳಿತು ಎರಡನೇ ಕ್ಲಾಸಿನ ಮಕ್ಕಳಿಗೆ ಪಾಠ ಹೇಳುತ್ತಿದ್ದವರು.

ವಿರೂಪಾಕ್ಷ ಮೊದಲ ಸಾಲಿನಲ್ಲೇ ಕುಳಿತ... ಹೊಗಳಿಕೆ ಕೇಳಬೇಕಲ್ಲ.

"ಟ್ಯೂಬು ಬಹಳ ನಯ ಅಂತಾರೆ ಸರ್" ಎಂದು ಟೀಚರ್ ಶುರು ಮಾಡಿದರು. "ನನಗೆ ಅಲ್ಲಿ ಸ್ಪರ್ಶವೇ ಇಲ್ಲ, ಗೊತ್ತಾಗಲ್ಲ. ನನಗೆ ನೋವು ಕೊಟ್ಟಿದ್ದು ಅದರ ಪ್ಯಾಕೆಟ್ಟು."

ಸಭೆ ಕಣ್ಣು ಕಣ್ಣು ಬಿಟ್ಟಿತು.

"ಹರಿದ್ರೆ ಪರಪರ ಅಂತ ಸದ್ದು. ನಮ್ಮ ಸ್ಕೂಲಿನ ಟಾಯ್ಲೆಟ್ ಬಾಗಿಲು ಅಷ್ಟಕ್ಕಷ್ಟೆ. ಹೊರಗಿರೋ ಮಕ್ಕಳು, ಟೀಚರ್ ಒಳಗೆ ಕೂತು ಕದ್ದು ಚಿಪ್ಸ್ ತಿಂತಾರೆ ಅಂತ ಹಾಡು ಕಟ್ಟಿದ್ವು..."

ಕೆಲವರು ನಕ್ಕರು. ಟೀಚರೂ ನಕ್ಕರು.

"ಪಾಪ, ಅವಕ್ಕೆ ಏನಂತ ಹೇಳ್ಲಿ? ಮನೇಲೇ ಪ್ಯಾಕೆಟ್ ಬಿಚ್ಚಿ ಕರ್ಚೀಫಲ್ಲಿ ಸುತ್ಕೊಂಡು ಹೋದೆ... ಇನ್‌ಫೆಕ್ಷನ್ ಆಯ್ತು. ಆಮೇಲೆ ಸ್ಕೂಲಲ್ಲಿ ಟ್ಯೂಬ್ ಹಾಕ್ಕೊಳ್ಳೋದೇ ಬಿಟ್ಟೆ. ನೀರೂ ಕುಡೀತಿರ್ಲಿಲ್ಲ. ಸಂಜೆವರೆಗೂ ಹಾಗೇ ಇರ್ತಿದ್ದೆ."

ಈಗ ಯಾರೂ ನಗಲಿಲ್ಲ.

"ತುಂಬಿದ ಮೂತ್ರ ಹಿಂದಕ್ಕೆ ಒತ್ತಿ ಒಂದು ಕಿಡ್ನಿ ಹೋಯ್ತು ಸರ್. ಇನ್ನೊಂದು ಅರ್ಧ ಉಳಿದಿದೆ ಅಂದ್ರು ಡಾಕ್ಟ್ರು. ರಜಾ ಹಾಕಿ ಮನೇಲಿದ್ದೀನಿ."

ವಿರೂಪಾಕ್ಷ ತಡೆಯಲಾರದೆ ಎದ್ದುನಿಂತ. "ಮೇಡಂ, ನಂಬರ್ ಕೊಟ್ಟಿದ್ವಲ್ಲ... ಒಂದು ಫೋನ್ ಮಾಡಬಾರದಿತ್ತಾ?"

"ಮಾಡಿದ್ದೆ ಸರ್. ಗಂಡಸರ ದನಿ ಬಂತು. ಇಂಥ ವಿಷಯ ಹೇಗೆ ಹೇಳೋದು ಅಂತ ಇಟ್ಟುಬಿಟ್ಟೆ. ಎಷ್ಟೋ ಸಲ ಮಾಡಿದೆ... ಪ್ರತಿ ಸಲವೂ ಅದೇ ದನಿ."

ವಿರೂಪಾಕ್ಷ ತಾನು ನಕ್ಕ ನಗುವೆಲ್ಲ ನೆನಪಾಗಿ ನಾಚಿಕೆಯಿಂದ ಕುಗ್ಗಿಹೋದ.

"ಸದ್ದಾಗದ ಪ್ಯಾಕೆಟ್ ಒಂದು ಮಾಡಿಕೊಡಿ ಸರ್" ಎಂದರು ಟೀಚರ್. "ಮತ್ತೆ ಮಕ್ಕಳ ಹತ್ರ ಹೋಗ್ಬೇಕು ನಾನು."

ಮ್ಯಾನೇಜರ್ ಒಪ್ಪಲಿಲ್ಲ. "ಝೀರೋ ಕಂಪ್ಲೇಂಟ್ ಇರೋ ಮಾಲಿಗೆ ಹೊಸ ಪ್ಯಾಕಿಂಗ್ ಯಾಕ್ರೀ? ಒಬ್ಬರ ಮಾತು ಕಟ್ಕೊಂಡು..."

ವಿರೂಪಾಕ್ಷ ಆ ಫೋನನ್ನೇ ತರಿಸಿಕೊಂಡ. ಮಾತಾಡದೆ ಕಟ್ ಮಾಡಿದ್ದ ನಂಬರುಗಳಿಗೆಲ್ಲ ಪ್ಯಾಕಿಂಗ್ ಸೆಕ್ಷನ್ನಿನ ಸುಲೋಚನಮ್ಮನಿಂದ ಫೋನ್ ಮಾಡಿಸಿದ.

"ನಾನೂ ಹೆಣ್ಣೇ ಕಣಮ್ಮ... ನಾಚ್ಕೋಬೇಡಿ, ಹೇಳಿ" ಎಂದರು ಸುಲೋಚನಮ್ಮ.

ಅಷ್ಟೇ ಸಾಕಾಯಿತು. ಒಬ್ಬಳು ಸದ್ದಿಗೆ ಹೆದರಿ ಮದುವೆಮನೆಗೆ ಹೋಗುವುದನ್ನೇ ಬಿಟ್ಟಿದ್ದಳು. ಒಬ್ಬಳು ಕೆಲಸ ಬಿಟ್ಟಿದ್ದಳು. ಇನ್ನೊಬ್ಬಳು ಮಾತೇ ಆಡದೆ ಅತ್ತಳು... ಸುಲೋಚನಮ್ಮನೂ ಅತ್ತರು. ಪಕ್ಕದಲ್ಲಿ ಕುಳಿತು ಕೇಳಿದ ಮ್ಯಾನೇಜರ್ ತಲೆ ತಗ್ಗಿಸಿ ಹೊಸ ಪ್ಯಾಕಿಂಗಿಗೆ ಸಹಿ ಹಾಕಿದರು.

ಆದರೆ ಇಂಥ ಕೆಲಸ ಅಂದುಕೊಂಡ ಹಾಗೆ ಆಗುವುದಿಲ್ಲ. ಮೆತ್ತಗಿನ ಹಾಳೆ ಸಿಕ್ಕರೆ ಕ್ರಿಮಿ ತಡೆಯುತ್ತಿರಲಿಲ್ಲ. ಕ್ರಿಮಿ ತಡೆಯುವ ಹಾಳೆ ಸದ್ದು ಮಾಡದೆ ಇರುತ್ತಿರಲಿಲ್ಲ. ಆಮೇಲೆ ಟೆಸ್ಟು, ಪರವಾನಗಿ... ತಿಂಗಳುಗಳು ಉರುಳಿದವು.

"ಇನ್ನು ಸ್ವಲ್ಪ ದಿನ ಮೇಡಂ" ಎಂದು ಅವನು ಫೋನ್ ಮಾಡುತ್ತಿದ್ದ. "ಆಗ್ಲಿ ಸರ್, ಕಾಯ್ತೀನಿ" ಎನ್ನುತ್ತಿದ್ದರು ಟೀಚರ್.

ಕೊನೆಗೂ ಪ್ಯಾಕೆಟ್ ಸಿದ್ಧವಾಯಿತು. ಮೊದಲ ಬಾಕ್ಸ್ ಹಿಡಿದು ವಿರೂಪಾಕ್ಷ ಅವರ ಮನೆಗೆ ಓಡಿದ. ಬಾಗಿಲಿಗೆ ಬೀಗ. ಆಸ್ಪತ್ರೆಯಲ್ಲಿದ್ದಾರೆ ಎಂದರು ಪಕ್ಕದ ಮನೆಯವರು.

ಟೀಚರ್ ಬತ್ತಿಹೋಗಿದ್ದರು. ಅವನನ್ನು ನೋಡಿ ಕೈ ಚಾಚಿದರು. ಪ್ಯಾಕೆಟ್ ತೆಗೆದುಕೊಂಡು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಹರಿದರು.

ಏನೂ ಕೇಳಿಸಲಿಲ್ಲ...

ಅವರ ಮುಖ ಅರಳಿತು. "ಚೆನ್ನಾಗಿ ಮಾಡಿದ್ದೀರಿ ಸರ್. ಇನ್ನು ಯಾವ ಮಗೂಗೂ ಗೊತ್ತಾಗಲ್ಲ."

"ಸ್ಕೂಲಿಗೆ ಯಾವಾಗ ಹೋಗ್ತೀರಿ ಮೇಡಂ? ಇಡೀ ಬಾಕ್ಸ್ ನಿಮಗೇ ತಂದಿದ್ದೀನಿ."

ಟೀಚರ್ ಪ್ಯಾಕೆಟ್ಟನ್ನು ಅವನ ಕೈಗೇ ವಾಪಸ್ ಇಟ್ಟರು.

"ಬೇರೆಯವರಿಗೆ ಕೊಡಿ ಸರ್. ಉಳಿದಿದ್ದ ಅರ್ಧ ಕಿಡ್ನೀನೂ ಹೋಯ್ತು. ಈಗ ಡಯಾಲಿಸಿಸ್... ಮೂತ್ರ ಬರೋದೇ ನಿಂತುಹೋಗಿದೆ. ನನಗೆ ಇನ್ನು ಟ್ಯೂಬ್ ಬೇಕಾಗಲ್ಲ."

ವಿರೂಪಾಕ್ಷ ಅಲ್ಲೇ ಕುಸಿದು ಕುಳಿತ. ಬಾಕ್ಸನ್ನು ಎದೆಗೊತ್ತಿಕೊಂಡು, ವಾರ್ಡಿನವರೆಲ್ಲ ನೋಡುತ್ತಿದ್ದರೂ ಬಿಕ್ಕಿ ಬಿಕ್ಕಿ ಅತ್ತ.

*ಯಾರೂ ದೂರು ಹೇಳಲಿಲ್ಲ ಎಂದರೆ ಯಾರಿಗೂ ನೋವಿಲ್ಲ ಎಂದಲ್ಲ... ಹೇಳಿಕೊಳ್ಳುವ ದಾರಿಯನ್ನು ನಾವೇ ಕೊಟ್ಟಿಲ್ಲ ಎಂದೂ ಇರಬಹುದು.*

ನಿಮ್ಮ ಹತ್ತಿರ ಏನೋ ಹೇಳಲು ಬಂದು, ಹೇಳದೆಯೇ ಹೊರಟುಹೋದವರು ಯಾರು... ಅವರನ್ನು ಇವತ್ತೇ ಹೋಗಿ ಕೇಳುತ್ತೀರಾ?