ಅವಲಂಬಿತೆ ದೀಕ್ಷಾ

"ಐದೇ ನಿಮಿಷ. ವಿಡಿಯೋದಲ್ಲಿ ನಿಮ್ಮ ತಂಗಿಯ ಮುಖ ನೋಡಿದರೆ ಸಾಕು," ಎಂದರು ಕನ್ನೊ ಸಾನ್.

ಸಂಬಳ ವಿಭಾಗದ ಈ ಹೆಂಗಸು ಯಾರನ್ನೂ ಗದರಿದವರಲ್ಲ. ಎದುರು ಕೂತಿದ್ದವಳಿಗೆ ಹೆದರಿಕೆ ಹುಟ್ಟಿಸಿದ್ದೇ ಅದು. ಸಿಡುಕುವವರ ಮುಂದೆ ಸುಳ್ಳು ಸಲೀಸಾಗಿ ಬರುತ್ತದೆ, ನಗುಮುಖದವರ ಮುಂದೆ ನಾಲಿಗೆ ತೊಡರುತ್ತದೆ.

ಜಪಾನಿನ ಸೆಂಡಾಯ್‌ನ ಆ ಸಾಫ್ಟ್‌ವೇರ್ ಕಂಪನಿಯಲ್ಲಿ ಅವಳು ಎಲ್ಲರಿಗೂ, ಅಲ್ಲಿನ ಮರ್ಯಾದೆಯ ಮಾತಿನಲ್ಲಿ, ಕೋಕಿಲಾ ಸಾನ್. ಭೂಕಂಪವಾದ ವರ್ಷ, ಇದ್ದಬದ್ದ ಭಾರತೀಯರೆಲ್ಲ ಗಂಟುಮೂಟೆ ಕಟ್ಟುತ್ತಿದ್ದಾಗ, ಮೈಸೂರಿನಿಂದ ಬಂದಿಳಿದ ಗಟ್ಟಿಗಿತ್ತಿ ಎಂದು ಹೆಸರು. ವರ್ಷದ ಕೊನೆಗೆ ತನ್ನನ್ನು ನಂಬಿಕೊಂಡವರು ಯಾರು ಯಾರು ಎಂದು ಕಂಪನಿಗೆ ಬರೆದುಕೊಟ್ಟರೆ ತೆರಿಗೆ ಅಷ್ಟು ಕಡಿಮೆಯಾಗುತ್ತಿತ್ತು. ಅವಳು ಎರಡು ಹೆಸರು ಬರೆಯುತ್ತಿದ್ದಳು. ತಾಯಿ ಕುಮುದಾ, ತಂಗಿ ದೀಕ್ಷಾ.

ಇಷ್ಟು ವರ್ಷ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಈ ವರ್ಷ ಸರ್ಕಾರ ನಿಯಮ ಬಿಗಿ ಮಾಡಿತ್ತು. ಸಾಲದ್ದಕ್ಕೆ, ಇದೇ ಕಂಪನಿಯ ಮಹಾಶಯನೊಬ್ಬ ಇಲ್ಲದ ಅಜ್ಜಿಯನ್ನು ಸಾಕುತ್ತಿದ್ದದ್ದು ಬಯಲಾಗಿ, ಕೆಲಸ, ವೀಸಾ ಎರಡನ್ನೂ ಕಳೆದುಕೊಂಡು ಊರಿನ ದಾರಿ ಹಿಡಿದಿದ್ದ. ಅಂದಿನಿಂದ ಬರೀ ಕಾಗದಪತ್ರ ಸಾಲದು, ಮುಖವನ್ನೂ ನೋಡಬೇಕು ಎಂದು ಮೇಲಿನವರು ಹಟ ಹಿಡಿದಿದ್ದರು.

"ದೀಕ್ಷಾ ಸಾನ್..." ಕನ್ನೊ ಸಾನ್ ಹೆಸರನ್ನು ತಡೆತಡೆದು ಓದಿದರು.

"ಹೇಳಿ," ಎಂದುಬಿಟ್ಟಳು ಅವಳು.

ಕನ್ನೊ ಸಾನ್ ತಲೆಯೆತ್ತಿದರು.

"ಅಂದರೆ, ಅವಳ ಬಗ್ಗೆ ಏನು ತಿಳಿಯಬೇಕೋ ಹೇಳಿ."

"ಏನೂ ಇಲ್ಲ. ನಾಳೆ ಮಧ್ಯಾಹ್ನ ಆಗಬಹುದೇ?"

ಆಗಬಹುದು ಎಂದು ತಲೆಯಾಡಿಸಿ ಹೊರಬಿದ್ದವಳು ನೇರ ಮೆಟ್ಟಿಲ ಬಳಿ ಹೋಗಿ ಮೈಸೂರಿಗೆ ಫೋನ್ ಹಚ್ಚಿದಳು.

"ಅಮ್ಮ, ದೀಕ್ಷಾನ ನೋಡ್ಬೇಕಂತೆ. ವಿಡಿಯೋ ಕಾಲ್‌ನಲ್ಲಿ."

ಕುಮುದಮ್ಮ ಸಿಡುಕಿದರು. "ಆ ಹೆಸರು ಬರೀಬೇಡ ಅಂತ ಮೊದ್ಲೇ ಬಡ್ಕೊಂಡೆ. ಅದ್ರಿಂದ ಉಳಿಯೋ ಪುಡಿಗಾಸಿಗೆ ಇಷ್ಟೆಲ್ಲಾ ಬೇಕಿತ್ತಾ?"

"ಕಾಸಿಗಲ್ಲಮ್ಮ. ಎಲ್ಲಾದ್ರೂ ಒಂದು ಕಡೆ ಆ ಹೆಸರು ಇರ್ಲಿ ಅಂತ. ನೀನೂ ಅದನ್ನ ಬಾಯಲ್ಲಿ ಎತ್ತಲ್ಲ."

"ಹೋದವಳು ಹೋದಳು, ಪುಟ್ಟೀ." ತಾಯಿಯ ದನಿ ತಗ್ಗಿತು. "ಈಗ ಇರೋ ಅನ್ನಕ್ಕೆ ಕಲ್ಲು ಹಾಕ್ಕೋಬೇಡ. ನಾಳೆ ನಿನ್ನ ಚಿಕ್ಕಮ್ಮನ ಮಗಳು ಅನುನ ಕೂರಿಸ್ತೀನಿ. ಅವಳಿಗೆ ಎಲ್ಲಾ ಗೊತ್ತು. ನೋಡೋಕೆ ನಿನ್ನ ಥರಾನೇ ಇದಾಳೆ."

"ಗೊತ್ತಾಗಿಬಿಟ್ರೆ?"

"ಮುಖ ಯಾರು ಅಷ್ಟೊಂದು ನೋಡ್ತಾರೆ? ಒಂದ್ಸಲ ನಡೀಲಿಲ್ವಾ?"

"ಬೇರೆ ಯಾರೋ ಬಂದು ದೀಕ್ಷಾ ಅಂತ ಕೂರೋದನ್ನ ನಾನು ಹೇಗಮ್ಮ ನೋಡ್ಲಿ?"

"ಕಣ್ಣು ಮುಚ್ಚಿಕೊಂಡು ನೋಡು," ಎಂದು ಕುಮುದಮ್ಮ ಫೋನ್ ಇಟ್ಟರು.

ಹೆದರಿಕೆಯೇ ಗೆದ್ದಿತು. ಮರುದಿನ ಮೈಸೂರಿನಲ್ಲಿ ಅನು ತಲೆ ಬಾಚಿ, ಒಳ್ಳೆಯ ಚೂಡಿದಾರ ಹಾಕಿಕೊಂಡು ಸಿದ್ಧಳಾಗಿ ಕೂತಳು. ಸೆಂಡಾಯ್‌ನ ಮೀಟಿಂಗ್ ರೂಮಿನಲ್ಲಿ ಕನ್ನೊ ಸಾನ್ ಬಾಗಿಲು ಮುಚ್ಚಿ ಲ್ಯಾಪ್‌ಟಾಪ್ ತೆರೆದರು. ಕರೆ ಹೋಯಿತು. ಒಂದು ರಿಂಗು, ಇನ್ನೊಂದು ರಿಂಗು. ಅನು ಕೋಕಿಲಾ ಅನ್ನುವ ಬದಲು ಬಾಯಿ ತಪ್ಪಿ ಇನ್ನೇನಾದರೂ ಅಂದರೆ?

ಕನ್ನೊ ಸಾನ್ ಫಕ್ಕನೆ ಲ್ಯಾಪ್‌ಟಾಪ್ ಮುಚ್ಚಿಬಿಟ್ಟರು.

"ಬೇಡ, ಕೋಕಿಲಾ ಸಾನ್. ಆ ಕಡೆ ಯಾರು ಕೂತಿದ್ದಾರೋ ನನಗೆ ಗೊತ್ತಾಗುವುದು ಬೇಡ."

ಅವಳು ಕುರ್ಚಿಯಿಂದ ಅರ್ಧ ಎದ್ದಳು.

"ನಿಮ್ಮ ಮೇಜಿನ ಮೇಲೆ ಇಬ್ಬರು ಹುಡುಗಿಯರ ಫೋಟೋ ಇದೆ. ಪ್ರತಿ ಜೂನ್‌ನಲ್ಲಿ ಒಂದು ದಿನ ಅದರ ಮುಂದೆ ಹೂ ಇಡುತ್ತೀರಿ. ಆವತ್ತು ನೀವು ಊಟ ಮಾಡುವುದಿಲ್ಲ. ನಾನು ನೋಡಿದ್ದೇನೆ, ಕೇಳಿಲ್ಲ ಅಷ್ಟೇ." ಕನ್ನೊ ಸಾನ್ ಕನ್ನಡಕ ತೆಗೆದು ಕೆಳಗಿಟ್ಟರು. "ನನ್ನ ತಮ್ಮ ಸುನಾಮಿಯಲ್ಲಿ ಹೋದ. ಆಮೇಲೂ ಎರಡು ವರ್ಷ ಅವನ ಹೆಸರನ್ನು ಇದೇ ಫಾರಮ್ಮಿನಲ್ಲಿ ಬರೆದೆ. ಸಂಬಳ ವಿಭಾಗದವಳಾಗಿದ್ದೂ ಬರೆದೆ! ಹೊಡೆದುಹಾಕಿದರೆ ಅವನು ನಿಜವಾಗಿ ಸತ್ತುಹೋಗುತ್ತಾನೆ ಅನ್ನಿಸುತ್ತಿತ್ತು."

ಅವಳಿಗೆ ತಡೆಯಲಾಗಲಿಲ್ಲ. ಈ ದೇಶಕ್ಕೆ ಬಂದ ಮೇಲೆ ಮೊದಲ ಸಲ ಇನ್ನೊಬ್ಬರ ಎದುರು ಬಿಕ್ಕಿ ಬಿಕ್ಕಿ ಅತ್ತಳು.

"ಯಾವಾಗ ಆದದ್ದು?"

"ಇಲ್ಲಿಗೆ ಹೊರಡುವ ಹಿಂದಿನ ವಾರ. ಸ್ಕೂಟರಿಗೆ ಲಾರಿ ಬಡಿಯಿತು."

"ಅಂಥ ದುಃಖದಲ್ಲೂ ಬಂದಿರಲ್ಲ." ಕನ್ನೊ ಸಾನ್ ಫಾರಂ ಮತ್ತು ಪೆನ್ನನ್ನು ಅವಳತ್ತ ಸರಿಸಿದರು. "ನೀವೇ ಹೊಡೆದುಹಾಕಿ. ತಿಳಿಯದೆ ಬರೆದದ್ದು ಎಂದು ತಿದ್ದುಪಡಿ ಮಾಡಿಸುತ್ತೇನೆ. ಹಿಂದಿನ ವರ್ಷಗಳ ಬಾಕಿ ತೆರಿಗೆ ಕಟ್ಟಿಬಿಡಿ, ಕೆಲಸಕ್ಕಾಗಲಿ ವೀಸಾಕ್ಕಾಗಲಿ ಕುತ್ತು ಬರದ ಹಾಗೆ ನೋಡಿಕೊಳ್ಳುತ್ತೇನೆ. ಪಾಪ, ನಿಮ್ಮ ತಂಗಿಯನ್ನು ಇನ್ನು ಹೋಗಲು ಬಿಡಿ."

ಇಷ್ಟು ಒಳ್ಳೆಯ ಹೆಂಗಸಿಗೆ ಎಲ್ಲವನ್ನೂ ಹೇಳಿಬಿಡಬೇಕು ಅನ್ನಿಸಿತು. ಮಾತು ನಾಲಿಗೆಯ ತುದಿಗೂ ಬಂತು. ಆದರೆ ನುಂಗಿಕೊಂಡಳು.

ತೀರಿಕೊಂಡ ಅಕ್ಕ ಕೋಕಿಲಾಳ ಪಾಸ್‌ಪೋರ್ಟ್ ಹಿಡಿದು ವಿಮಾನ ಹತ್ತಿದ್ದ ದೀಕ್ಷಾ, ಪೆನ್ನು ಎತ್ತಿಕೊಂಡು ತನ್ನ ಹೆಸರನ್ನು ತಾನೇ ಹೊಡೆದುಹಾಕಿದಳು.