ಕಲ್ಲಿನ ಮೇಲಿನ ಹೂವು

ವಾರಿಜಾಗೆ ನಿಶ್ಚಯವಾಗಿದ್ದ ಗಂಡನ್ನು ತಂಗಿ ರೋಹಿಣಿ ಮದುವೆಯಾದ ಮೇಲೆ ಅಕ್ಕತಂಗಿಯರ ನಡುವೆ ಮಾತೇ ನಿಂತುಹೋಗಿತ್ತು. ಅಂಥದ್ದರಲ್ಲಿ ಒಂದು ಮಧ್ಯಾಹ್ನ ವಾರಿಜಾ ಊಟ ಮುಗಿಸಿ ತನ್ನ ಅಕ್ವೇರಿಯಂ ಅಂಗಡಿಗೆ ಮರಳಿದರೆ, ರೋಹಿಣಿ ಒಳಗೆ ಕಾಯುತ್ತ ನಿಂತಿದ್ದಳು.

“ನಮ್ಮವರು ಹವಳ ಸಾಕಿದ್ದಾರಲ್ಲ, ಆ ತೊಟ್ಟಿಯ ಕಲ್ಲಿನ ಮೇಲೆ ಇದು ಹುಟ್ಟಿದೆ. ಏನಕ್ಕಾ ಇದು?” ಎಂದು ಫೋನಿನಲ್ಲಿ ಫೋಟೊ ತೋರಿಸಿದಳು.

ಕಂದು ಬಣ್ಣದ, ಎಳೆಎಳೆಯಾದ ಹೂವಿನಂಥ ಜೀವಿ. ವಾರಿಜಾ ನೋಡಿದ ಕೂಡಲೇ ಗುರುತಿಸಿದಳು. ಒಂದಿದ್ದದ್ದು ನೂರಾಗಿ, ಸುತ್ತಲಿನ ಹವಳವನ್ನೆಲ್ಲ ಕುಟುಕಿ ಕೊಲ್ಲುವ ಪೀಡೆ ಅದು. ಅವನು ಮಕ್ಕಳಂತೆ ಸಾಕಿದ್ದ ಹವಳಗಳು ಒಂದೊಂದಾಗಿ ಸಾಯುವುದನ್ನು ನೆನೆದು ಅವಳ ಹೊಟ್ಟೆ ತಣ್ಣಗಾಯಿತು.

“ಇದೂ ಒಂದು ಜಾತಿ ಹವಳವೇ. ಸಿಗುವುದು ಅಪರೂಪ,” ಎಂದಳು. “ಕೀಳೋಕೆ ಹೋಗಬೇಡಿ, ಚೆನ್ನಾಗಿ ಹಬ್ಬಲಿ.”

“ಹಾಗಾದರೆ ತೊಂದರೆಯೇನೂ ಇಲ್ಲವಾ?”

“ಏನೂ ಇಲ್ಲ.”

ರೋಹಿಣಿ ನಿಟ್ಟುಸಿರುಬಿಟ್ಟಳು.

“ಈಗ ಜೀವ ಬಂತು ನೋಡು. ಇಷ್ಟು ದಿನದ ಮೇಲೆ ಬರಿಗೈಲಿ ಬರಬಾರದು ಅಂತ ಆ ಕಲ್ಲನ್ನೇ ಒಡೆದು ತಂದು, ನೀನು ಬರುವಷ್ಟರಲ್ಲಿ ನಿನ್ನ ಹವಳದ ತೊಟ್ಟಿಗಳಿಗೆಲ್ಲ ಒಂದೊಂದು ಚೂರು ಹಾಕಿಬಿಟ್ಟಿದ್ದೆ.”